ಏಳನೇ ದಿನದ ಡಬ್ಬಿ

ಹಾಕಿದೆನೋ, ಇಲ್ಲವೋ? ಏಳನೇ ದಿನ ಹಸುವಿನ ಗಂಜಲ ಹಿಡಿಯುವ ಡಬ್ಬಿಗೆ ಆಸಿಡ್ ಹಾಕಿದ ನೆನಪೇ ಅವನಿಗೆ ಬರುತ್ತಿಲ್ಲ. ಆಸಿಡ್ ಇಲ್ಲದಿದ್ದರೆ ಗಂಜಲದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಆಗ ಲೆಕ್ಕ ಕಡಿಮೆ ಬರುತ್ತದೆ. ಬಂದಿರುವುದೂ ಕಡಿಮೆಯೇ.

ಮೂರು ವರ್ಷದಿಂದ ಅವನದು ಒಂದೇ ಹಠ: ಹಿಂಡಿಯನ್ನು ಅರ್ಧಕ್ಕಿಳಿಸಿದರೂ ಹಸು ಸೋಲುವುದಿಲ್ಲ. ಗಂಜಲದಲ್ಲಿ ಹೊರಹೋಗಬೇಕಾದ ಯೂರಿಯಾವನ್ನು ರಕ್ತದಿಂದಲೂ ಜೊಲ್ಲಿನಿಂದಲೂ ಮತ್ತೆ ಹೊಟ್ಟೆಗೇ ತಂದುಕೊಳ್ಳುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದಲೇ ಪ್ರೋಟೀನು ಮಾಡಿಕೊಡುತ್ತವೆ. ಹಾಲು ಇಳಿದಿರಲಿಲ್ಲ, ಗಂಜಲದ ಸಾರಜನಕ ಇಳಿದಿತ್ತು. ಆದರೆ ಒಂದು ದಿನದ ಲೆಕ್ಕ ಸುಳ್ಳಾದರೂ ಪ್ರಯೋಗ ನಿಲ್ಲಿಸುತ್ತೇನೆ ಎಂದಿದ್ದರು ಅವನ ಪಿಎಚ್‌ಡಿ ಗೈಡ್ ಮೇಡಂ. ಅವರು ಹನ್ನೊಂದಕ್ಕೆ ಬರುತ್ತಾರೆ.

ಕಾಲೇಜಿನ ಕೊಟ್ಟಿಗೆಯಲ್ಲಿ ಅವನ ಅಕ್ಕನ ಗಂಡ ಹಸುವಿನ ಕೆಚ್ಚಲು ಒರೆಸುತ್ತಿದ್ದ. ಹದಿನೆಂಟು ವರ್ಷದಿಂದ ಅವನಿಗೆ ಇಲ್ಲೇ ಕೆಲಸ.

"ಏನು ಡಾಕ್ಟ್ರೇ, ಮುಖ ಒಣಹುಲ್ಲಾಗಿದೆ?"

"ಭಾವ, ಏಳನೇ ದಿನ ಆಸಿಡ್ ಹಾಕೋದು ಮರ್ತೆ ಅನ್ಸುತ್ತೆ."

"ಅನ್ಸೋದೇನು ಬಂತು, ನೀನು ಮರ್ತೇ ಹೋಗಿದ್ದೆ. ನೀನು ಆಚೆ ಹೋದ್ಮೇಲೆ ನೋಡ್ತೀನಿ, ಅಳತೆ ಲೋಟ ಒಣಗೇ ಇದೆ. ಹಸು ಗಂಜಲ ಹೊಯ್ಯೋದ್ರೊಳಗೆ ನಾನೇ ಹಾಕ್ದೆ."

"ಎಷ್ಟು?"

"ದಿನಾ ನೀನು ಹಾಕೋಷ್ಟೇ, ಎರಡನೇ ಗೆರೆ. ನಿಮ್ಮಕ್ಕನ ಅಡುಗೆಗೆ ಉಪ್ಪೇನೋ ಅದು, ಕೈಗೆ ಬಂದಷ್ಟು ಸುರಿಯೋಕೆ?"

ಹಗ್ಗ ನೇತುಹಾಕುವ ಮೊಳೆಯ ಕೆಳಗೆ, ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ ಬರೆದಿತ್ತು: ಏಳು, ಎರಡು ಗೆರೆ, ನಾನೇ.

ಅವನು ಓಡಿದ. ಫ್ರಿಜ್ಜಿನಿಂದ ಏಳನೇ ದಿನದ ಸೀಸೆ ತೆಗೆದು ನೀಲಿ ಲಿಟ್ಮಸ್ ಕಾಗದ ಅದ್ದಿದ. ಕಾಗದ ಕೆಂಪಾಯಿತು: ಆಸಿಡ್ ಇದೆ, ಲೆಕ್ಕ ನಿಜ. ಇನ್ನೊಂದು ಅದ್ದಿದ. ಅದೂ ಕೆಂಪು.

ಮೇಡಂ ಬಂದಾಗ ಅವನು ಏನನ್ನೂ ಮುಚ್ಚಿಡಲಿಲ್ಲ. ಅವರು ಸೀಸೆ ನೋಡಿದರು, ಗೋಡೆ ನೋಡಿದರು, ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಎರಡು ಸಲ ನೋಡಿದರು.

"ಗೆದ್ದೆ ಕಣಯ್ಯಾ! ವರದಿಯಲ್ಲಿ ಇವರ ಹೆಸರೂ ಇರಲಿ."

"ಅಯ್ಯೋ, ಹಸು ಹೆಸರು ಹಾಕಿ ಮೇಡಂ," ಎಂದ ಭಾವ. "ಹೊರಗೆ ಚೆಲ್ಲೋದನ್ನ ಉಳಿಸ್ಕೊಂಡು ತಿಂದಿದ್ದು ಅದು."

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಸು ತನ್ನ ಪಾಡಿಗೆ ಮೆಲುಕು ಹಾಕುತ್ತಿತ್ತು. ಅವನು ಅದರ ಕೊರಳು ತಬ್ಬಿಕೊಂಡ, ಆಮೇಲೆ ಭಾವನನ್ನು.

ಬರೀ ನಾಲ್ಕನೇ ಕ್ಲಾಸು ಓದಿದ ಭಾವನ ಕೈಗೆ ಡಬ್ಬಿ ಕೊಡಬೇಡಿ, ಬೇರೆ ಆಳು ಕೊಡಿ ಎಂದು ಪ್ರಯೋಗಕ್ಕೆ ಮುಂಚೆ ಮೇಡಂ ಹತ್ತಿರ ತಾನು ಕೇಳಿಕೊಂಡಿದ್ದನ್ನು ಅವನು ಭಾವನಿಗೆ ಎಂದೂ ಹೇಳಲಿಲ್ಲ.