ಮುಟ್ಟಿದರೆ ಸಾಕು

ಗಂಡ ಸತ್ತಾಗ ಅತ್ತಿಗೆ ಅಳಲಿಲ್ಲ. ಬೀದಿಗೆಲ್ಲ ಅವಳು ಅತ್ತಿಗೆಯೇ. ಕಸ ಗುಡಿಸಿದಳು, ಒಲೆ ಹಚ್ಚಿದಳು, ಬಂದವರಿಗೆ ಚಾಪೆ ಹಾಸಿದಳು. ಎಲ್ಲವೂ ಬೇರೆ ಯಾರದೋ ಕೈಯಿಂದ ಆದಂತೆ ಆಯಿತು. ಬೆರಳ ತುದಿಗಳು ಮರಗಟ್ಟಿದ್ದವು. ಬಿಸಿ ಪಾತ್ರೆ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ನೋಡಿ, ನರದ್ದೇನೂ ತೊಂದರೆಯಿಲ್ಲ ಎಂದರು.

ಮನುಷ್ಯರಿಗೆ ಇದು ಕಾಣಲಿಲ್ಲ, ಹಸುವಿಗೆ ತಿಳಿಯಿತು. ಅವಳು ಕೆಚ್ಚಲಿಗೆ ಕೈ ಹಾಕಿದರೆ ಮೈ ಬಿಗಿದು ಹಾಲು ಏರಿಸಿಕೊಳ್ಳುತ್ತಿತ್ತು. ಕೆಚ್ಚಲು ಕಲ್ಲಾಗಬಾರದಲ್ಲ, ನಾದಿನಿ ಎರಡು ಹೊತ್ತೂ ಬಂದು ಹಾಲು ಕರೆದುಕೊಡುತ್ತಿದ್ದಳು.

ಗಂಡ ಕರುವಿನಿಂದ ಸಾಕಿದ ಹಸು. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಅದೊಂದೇ.

"ಕೈಗೆ ಒಳ್ಳೇದಂತೆ, ಬಾ ಅತ್ತಿಗೆ," ಎಂದು ನಾದಿನಿ ಅವಳನ್ನು ಶಾಲೆಯ ಹಜಾರಕ್ಕೆ, ಯೋಗದ ಮೇಡಂ ಬಳಿಗೆ ಎಳೆದುಕೊಂಡು ಹೋದಳು.

ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಮಂಡಿಯ ಮೇಲಿಡಿ, ಉಸಿರು ನಿಧಾನವಾಗಿ ಬಿಡಿ ಎಂದರು ಮೇಡಂ. ಅತ್ತಿಗೆ ಕೂಡಿಸಿದಳು. ಎರಡು ಬೆರಳು ಉಂಗುರವಾದದ್ದೇ ತಡ, ಉಳಿದವು ಒಂದರ ಹಿಂದೊಂದು ತಾವಾಗಿಯೇ ಮಡಚಿಕೊಂಡು ಹಿಂಡತೊಡಗಿದವು.

"ಮಂಡೀಲಿ ಹಾಲು ಬರಲ್ಲ ಅತ್ತಿಗೆ," ನಾದಿನಿ ಪಿಸುಗುಟ್ಟಿದಳು. ಹಿಂದೆ ಯಾರೋ ಕಿಸಕ್ಕೆಂದರು.

ಮೇಡಂ ಬಂದು ಬೆರಳು ಬಿಡಿಸಿದರು. ಉಗುರು ಬೆಳ್ಳಗಾಗಿತ್ತು. "ಇಷ್ಟು ಯಾಕಮ್ಮ ಒತ್ತುತ್ತೀರಿ? ಮುಟ್ಟಿದ್ರೆ ಸಾಕು."

"ಮುಟ್ಟಿದ್ದು ಗೊತ್ತಾಗಲ್ಲ ಮೇಡಂ. ಅದಕ್ಕೇ ಒತ್ತೋದು."

"ಗೊತ್ತಾಗದಿದ್ರೆ ಬೇಡ ಬಿಡಿ. ಉಸಿರು ಬಿಡೋದನ್ನಷ್ಟೇ ನೋಡ್ಕೊಳ್ಳಿ."

ದಾರಿಯಲ್ಲಿ ನಾದಿನಿ ಅಂದಳು: "ಸಂಜೆನೂ ಹಸು ನಿನ್ನ ಕೈಗೆ ಹಾಲು ಬಿಡ್ಲಿಲ್ಲ ಅಂದ್ರೆ ಹಗ್ಗ ತರ್ತೀನಿ. ನಮ್ಮ ಕೊಟ್ಟಿಗೇಲೇ ಇರ್ಲಿ. ಓಡಾಡಿ ನನ್ನ ಕಾಲು ಸವೆದು ಹೋಯ್ತು."

ಬೇಡ ಎನ್ನಬೇಕಿತ್ತು. ಹಸುವನ್ನೂ ಹೀಗೇ ಒತ್ತಿ ಒತ್ತಿ ನೋಯಿಸುತ್ತಿದ್ದೆನಲ್ಲ ಎಂಬುದು ಮಾತ್ರ ಹೊಳೆಯಿತು. ಅಯ್ಯೋ ಅನಿಸಬೇಕಿತ್ತು, ಅನಿಸಲಿಲ್ಲ.

ಸಂಜೆ ನಾದಿನಿ ಬರುವ ಮೊದಲೇ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಕೆಚ್ಚಲು ಮುಟ್ಟಲಿಲ್ಲ. ಹಸುವಿನ ಪಕ್ಕೆಗೆ ಹಣೆ ಆನಿಸಿ, ಬೆರಳು ಕೂಡಿಸಿ ಮಂಡಿಯ ಮೇಲಿಟ್ಟು, ನಿಧಾನವಾಗಿ ಉಸಿರು ಬಿಟ್ಟಳು. ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಮೊದಮೊದಲು ಅದರ ಉಸಿರು ಅದರದು, ಇವಳದು ಇವಳದು. ಆಮೇಲೆ ಯಾವಾಗಲೋ ಎರಡೂ ಒಂದೇ ನೊಗಕ್ಕೆ ಬಿದ್ದವು. ಹಣೆಯಡಿಯ ಚರ್ಮ ಸಡಿಲವಾಯಿತು. ಹಸು ಮೆಲುಕು ಹಾಕತೊಡಗಿತು. ಆಗ ಕೈ ಒಯ್ದಳು, ಮುಟ್ಟಿಯೂ ಮುಟ್ಟದಂತೆ.

ನಾದಿನಿ ಹಗ್ಗ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬರ್ತಾ ಇದೆಯಾ?"

"ನೀನೇ ನೋಡಿ ಹೇಳು. ಬೆರಳಿಗೆ ಗೊತ್ತಾಗ್ತಿಲ್ಲ."

ಚೊರ್ರ್, ಚೊರ್ರ್ ಎಂದು ಪಾತ್ರೆಯಲ್ಲಿ ನೊರೆ ಏಳುತ್ತಿತ್ತು. ನಾದಿನಿ ಹಗ್ಗವನ್ನು ಸುರುಳಿ ಸುತ್ತಿ ಗೂಟಕ್ಕೆ ಸಿಕ್ಕಿಸಿದಳು. ಬಂದ ದಾರಿ ಹಿಡಿದಳು. ಅತ್ತಿಗೆ ಉಸಿರು ಬಿಡುತ್ತ, ಕಿವಿಯಿಂದಲೇ ಹಾಲಿನ ಲೆಕ್ಕ ಹಿಡಿಯುತ್ತ, ಕರೆಯುತ್ತಲೇ ಇದ್ದಳು.