ಮುರಿಗೆಪ್ಪನ ಏಳನೇ ದಾರ

ಹುಟ್ಟಿದಾಗ ನಾನು ಬರೀ ಬಿಳಿ ನೂಲು. ಆಯುರ್ವೇದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನನ್ನನ್ನು ಚೌಕಟ್ಟಿಗೆ ಬಿಗಿದು ಕಳ್ಳಿಯ ಹಾಲು ಬಳಿದರು, ಉತ್ತರಾಣಿಯ ಕ್ಷಾರ ಹಚ್ಚಿದರು, ಅರಿಸಿನ ಮೆತ್ತಿದರು. ಬಳಿದು ಒಣಗಿಸಿ, ಒಣಗಿಸಿ ಬಳಿದು, ಒಟ್ಟು ಇಪ್ಪತ್ತೊಂದು ಸಲ. ಆಮೇಲೆ ಕ್ಷಾರಸೂತ್ರವೆಂಬ ದೊಡ್ಡ ಹೆಸರು ಬಂತು. ಹೆಸರೇನೋ ದೊಡ್ಡದು, ಕೆಲಸ ಮಾತ್ರ ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ. ಗುದದ ಪಕ್ಕದಲ್ಲಿ ಕೀವು ಸೋರುವ ಸುರಂಗವಾಗುತ್ತದಲ್ಲ, ಭಗಂದರ, ಅದರೊಳಗೆ ಏಳು ದಿನ ಕೂತು ಚೂರುಚೂರೇ ಕೊಯ್ಯುತ್ತ, ಕೊಯ್ದ ಜಾಗವನ್ನು ಹಿಂದೆಯೇ ಮಾಯಿಸುತ್ತ ಬರಬೇಕು. ವಾರ ತುಂಬಿದಾಗ ಹೊಸ ದಾರವನ್ನು ನನ್ನ ತುದಿಗೆ ಕಟ್ಟಿ ಎಳೆಯುತ್ತಾರೆ. ಅದು ಒಳಗೆ, ನಾನು ಹೊರಗೆ.

ಮುರಿಗೆಪ್ಪನೆಂಬ ನೇಕಾರನ ಮೈ ಸೇರಿದೆ, ಅವನ ಏಳನೇ ದಾರವಾಗಿ. ನಲವತ್ತು ವರ್ಷ ಕುಣಿಮಗ್ಗದಲ್ಲಿ ಕೂತ ಆಸಾಮಿ. ಅವನ ಅಣ್ಣನಿಗೂ ಇದೇ ರೋಗವಿತ್ತು. ಒಂದೇ ಸಲಕ್ಕೆ ಕೊಯ್ಯಿಸಿಕೊಂಡಿದ್ದ. ಎಲ್ಲರಿಗೂ ಹಾಗಾಗುವುದಿಲ್ಲ, ಅವನಿಗಾಯಿತು: ರೋಗದ ಜೊತೆ ಮಲದ ಹಿಡಿತವೂ ಹೋಯಿತು. ಈಗ ಯಾರ ಮದುವೆಗೂ ಹೋಗುವುದಿಲ್ಲ. ತನಗೆ ಆ ಗತಿ ಬಾರದಿರಲೆಂದೇ ಮುರಿಗೆಪ್ಪ ನಿಧಾನದ ದಾರಕ್ಕೆ ಒಪ್ಪಿದ್ದ.

"ಕಾಕಾ, ಇನ್ನ ಉಳಿದಿದ್ದು ಬಿಗಿ ಹಿಡಿಯೋ ಸ್ನಾಯು ಅಷ್ಟ," ಎಂದಿದ್ದರು ನನ್ನನ್ನು ಕಟ್ಟಿದ ಡಾಕ್ಟರ್ ವಿಜಯಮಾಲಾ. "ಅವಸರ ಮಾಡಿದ್ರ ಕೆಡತೈತಿ. ಗಂಟು ಮುಟ್ಟಬ್ಯಾಡ್ರಿ."

ಮೂರನೇ ದಿನ ಬಿಸಿನೀರಿನ ಟಬ್ಬಿನಲ್ಲಿ ಕೂತಾಗ ನಾನು ಅವನ ಬೆರಳಿಗೆ ಸಿಕ್ಕೆ. ಕೊಯ್ದಷ್ಟೂ ಸಡಿಲಾಗುವುದು ನನ್ನ ಸ್ವಭಾವ. ಆದರೆ ಸಡಿಲು ಎಳೆ ಸಿಕ್ಕರೆ ನೇಕಾರನ ಕೈ ಸುಮ್ಮನಿರುತ್ತದೆಯೇ? ಬೇಡಪ್ಪಾ ಬೇಡ ಎಂದು ಒದ್ದಾಡಿದೆ. ದಾರದ ಮಾತು ಯಾರಿಗೆ ಕೇಳಬೇಕು! ಎಳೆದು, ಬಿಗಿದು, ನೇಕಾರರ ಗಂಟು ಹಾಕಿಯೇಬಿಟ್ಟ. ಮಾಡಿದ್ದೇನೆಂದು ಹೊಳೆದದ್ದು ನೀರು ಕೆಂಪಾದ ಮೇಲೆ.

ನಾಚಿಕೆಯಿಂದ ಮುರಿಗೆಪ್ಪ ಒಂದು ದಿನ ಬಾಯಿ ಬಿಡಲಿಲ್ಲ. ಅಷ್ಟೂ ಹೊತ್ತು ನಾನು ಬೇಡಬೇಡವೆಂದರೂ ಕೊಯ್ಯುತ್ತಲೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೊನೆಗೆ ಹೆಂಡತಿ ನೀಲವ್ವನೇ ಕೇಳಿದಳು:

"ಮಾರಿ ಯಾಕ ಹಿಂಗ ಆಗೇತ್ರಿ?"

"ದಾರ ಸಡ್ಲಾಗಿತ್ತು... ಕೈ ತಡೀಲಿಲ್ಲ."

"ಅಯ್ಯ ಶಿವನ! ಮುಟ್ಟಬ್ಯಾಡ್ರಿ ಅಂದಿದ್ರಲ್ಲ!" ಎಂದವಳೇ ಆಟೋ ಕರೆದಳು.

ಡಾಕ್ಟರು ಗಂಟು ಕತ್ತರಿಸಿ, ಹೊಸ ದಾರವನ್ನು ನನ್ನ ತುದಿಗೆ ಕಟ್ಟಿ ಎಳೆದುಕೊಂಡರು. ಸುರಂಗ ಕೊಯ್ದಷ್ಟೂ ಒಳಗಿನ ದಾರ ಗಿಡ್ಡವಾಗುತ್ತದೆ; ನನ್ನನ್ನು ಅಳತೆಪಟ್ಟಿಯ ಮೇಲಿಟ್ಟಾಗ ಅವರ ಹುಬ್ಬು ಗಂಟಿಕ್ಕಿತು. ವಾರದ ಕೊಯ್ತ ಒಂದೇ ದಿನದಲ್ಲಿ ಆಗಿತ್ತು. ಕೈಗವಸಿನ ಬೆರಳು ಒಳಗಿಟ್ಟು, "ಬಿಗಿ ಹಿಡೀರಿ ಕಾಕಾ," ಎಂದರು.

ಮುರಿಗೆಪ್ಪ ಹಿಡಿದ. ಡಾಕ್ಟರು ಬೆರಳು ತೆಗೆಯಲಿಲ್ಲ.

"ಇನ್ನೊಮ್ಮೆ."

ಪರದೆಯಾಚೆ ನೀಲವ್ವ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಅವನು ಹಲ್ಲು ಕಚ್ಚಿ ಮತ್ತೆ ಹಿಡಿದ.

"ಐತಿ ಕಾಕಾ, ಹಿಡಿತ ಐತಿ. ಇನ್ನೆರಡು ದಿನ ತಡದು ಬಂದಿದ್ರ ನನ್ನ ಕೈಯಾಗ ಇರತಿರಲಿಲ್ಲ."

ಯಾವ ನೋವಿಗೂ ಅಳದವನು ಮೇಜಿನ ಮೇಲೆ ಮುಖವಿಟ್ಟು ಬಿಕ್ಕಿದ.

ನನ್ನನ್ನು ಹಳದಿ ಬಕೆಟ್ಟಿಗೆ ಹಾಕಿದರು, ರಕ್ತದ ಹತ್ತಿಗಳ ಜೊತೆಗೆ. ನಾಲ್ಕೇ ದಿನಕ್ಕೆ ನನ್ನ ಆಯಸ್ಸು ಮುಗಿಯಿತು, ಅದಕ್ಕೆ ಬೇಸರವಿಲ್ಲ. ಗುಣ ಮಾಡಲೆಂದು ಹೋದವನು ಒಬ್ಬನ ಬದುಕು ಕೆಡಿಸಿ ಬರುತ್ತಿದ್ದೆನಲ್ಲ, ಆ ನಡುಕ ಮಾತ್ರ ಇನ್ನೂ ನಿಂತಿಲ್ಲ. ಮೇಲೆ ಡಾಕ್ಟರು ಹೊಸ ದಾರಕ್ಕೆ ಗಂಟು ಹಾಕತೊಡಗಿದ್ದರು. ನಲವತ್ತು ವರ್ಷ ಒಂದು ಎಳೆಯನ್ನೂ ಜೋಲುಬಿಡದ ಮನುಷ್ಯನ ದನಿ ಕೇಳಿಸಿತು:

"ಸಡ್ಲ ಕಟ್ರಿ ಡಾಕ್ಟರ್ ಬಾಯಾರ... ಇನ್ನೂ ಸಡ್ಲ."