ಕಿಟಕಿ ಕೊರೆದ ಮೊಟ್ಟೆಗಳು

"ಏನ್ ಮಾಡ್ತಿದೀರಾ?"

ಸಂಶೋಧಕಿಯ ಕೂಗಿಗೆ ಸಹಾಯಕ ಮುದುಕರ ಕೈಯಲ್ಲಿದ್ದ ಮೊಟ್ಟೆ ಬೀಳುವುದೊಂದು ಬಾಕಿ. ಕಾವುಪೆಟ್ಟಿಗೆಯ ಬಾಗಿಲು ತೆರೆದಿತ್ತು. ಮುಂದಿನ ಸಾಲುಗಳ ಮೊಟ್ಟೆಗಳೆಲ್ಲ ಬೋರಲಾಗಿದ್ದವು.

"ಹೊರಳಿಸ್ತಿದೀನಮ್ಮ. ಕೋಳಿ ಹೊರಳಿಸಲ್ವಾ? ಇಲ್ದಿದ್ರೆ ಮರಿ ಸಿಪ್ಪೆಗೆ ಅಂಟ್ಕೊಳ್ಳುತ್ತೆ. ನೀವು ಬರೋದ್ರೊಳಗೆ ಮತ್ತೆ ನೆಟ್ಟಗೆ ಇಡ್ತೀನಿ."

"ದಿನಾನಾ?"

"ದಿನಾ. ಒಂದಿನಾನೂ ಮರೆತಿಲ್ಲ."

ಪ್ರಯೋಗಾಲಯಕ್ಕೆ ಬರುವ ಮೊದಲು ಅವರು ಮರಿ ಮಾಡಿಸುವ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದವರು. ಅಲ್ಲಿನ ಮೊಟ್ಟೆಗಳಿಗೆ ಕಿಟಕಿ ಇರುತ್ತಿರಲಿಲ್ಲ. ಇವಳು ಒಂದೊಂದರಲ್ಲೂ ಉಗುರಗಲ ಸಿಪ್ಪೆ ಕೊರೆದು, ಮಿದುಳಾಗಲಿರುವ ಪದರದ ಅಡಿಯಿಂದ ಒಂದು ಚೂರು ಅಂಗಾಂಶ ತೆಗೆದು, ಟೇಪು ಅಂಟಿಸಿದ್ದಳು. ಮಿದುಳು ಹೇಗೆ ರೂಪುಗೊಳ್ಳಬೇಕೆಂದು ಜೀನುಗಳು ತಾವೇ ತೀರ್ಮಾನಿಸುತ್ತವೆಯೋ, ಅಕ್ಕಪಕ್ಕದ ಅಂಗಾಂಶಗಳ ಮಾತನ್ನೂ ಕೇಳುತ್ತವೆಯೋ? ಅವಳಿಗೆ ಬೇಕಿದ್ದ ಉತ್ತರ ಅಷ್ಟೇ. ಬೋರಲು ಹಾಕಿದರೆ ಭ್ರೂಣ ಟೇಪಿಗೇ ಅಂಟಿ ಹರಿಯುತ್ತದೆ. ಭ್ರೂಣಗಳು ಸಾಯುತ್ತಲೇ ಇದ್ದ ಆರು ವಾರ ಅವಳು ತನ್ನ ಕೈಯನ್ನು ಬೈದಿದ್ದಳು, ಚಾಕುವನ್ನು ಬೈದಿದ್ದಳು, ಕೊನೆಗೆ ಹಣೆಬರಹವನ್ನೂ ಬಿಟ್ಟಿರಲಿಲ್ಲ. ಈ ಸಲವೂ ಸತ್ತರೆ ಕೆಲಸ ನಿಲ್ಲಿಸು ಎಂದಿದ್ದರು ಮುಖ್ಯಸ್ಥರು.

"ಕಿಟಕಿ ಮೇಲಿರ್ಬೇಕು ಅಂತ ಎಷ್ಟು ಸಲ ಹೇಳಿದ್ದೆ!"

"ಅದಕ್ಕೇ ವಾಪಸ್ ತಿರುಗಿಸ್ತಿದ್ದೆ. ಹೊರಳಿಸಲೇಬೇಡಿ ಅಂತ ಹೇಳ್ಲಿಲ್ವಲ್ಲಮ್ಮ."

ಹೇಳಿರಲಿಲ್ಲ. ಅವಳ ಹೊಟ್ಟೆ ಉರಿಸಿದ್ದು ಅದೇ.

ಒಂದೊಂದೇ ತೆರೆದಳು. ತೆರೆದವೆಲ್ಲವೂ ಸತ್ತಿದ್ದವು.

"ಹಿಂದಿನ ಮೂಲೇದೊಂದು ನಾನು ಮುಟ್ಟಿಲ್ಲ," ಎಂದರು ಮುದುಕರು ತಪ್ಪೊಪ್ಪಿಕೊಳ್ಳುವವರಂತೆ. "ಭುಜ ನೋವು, ಅಲ್ಲಿಗೆ ಕೈ ಎಟುಕಲ್ಲ."

ಸೂಕ್ಷ್ಮದರ್ಶಕದಡಿ ಅದರ ಹೃದಯ ಹೊಡೆದುಕೊಳ್ಳುತ್ತಿತ್ತು. ಎರಡು ಕಣ್ಣು ಇರಬೇಕಾದಲ್ಲಿ, ಮುಖದ ನಡುಮಧ್ಯೆ, ಒಂದೇ ಕಣ್ಣಿತ್ತು.

ಅವಳು ಮುಖ್ಯಸ್ಥರಿಗೆ ಫೋನು ಮಾಡಿದಳು. ಇನ್ನೊಂದೇ ಸಲ ಅವಕಾಶ ಕೊಡಿ ಎಂದು ಗೋಗರೆದಳು.

"ಒಂದು ಮೊಟ್ಟೆ ಇಟ್ಕೊಂಡು ಯಾರನ್ನ ನಂಬಿಸ್ತೀಯಮ್ಮ? ನೋಡೋಣ," ಎಂದು ಅವರು ಫೋನಿಟ್ಟರು. ಅವರ 'ನೋಡೋಣ' ಎಂದರೆ 'ಇಲ್ಲ' ಎಂದು ಇಡೀ ಪ್ರಯೋಗಾಲಯಕ್ಕೇ ಗೊತ್ತು. ಥೂ, ಸಿಕ್ಕ ಉತ್ತರವೂ ದಕ್ಕಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

"ನಾನೊಂದ್ಸಲ ನೋಡ್ಲಾ?" ಮುದುಕರು ಕೇಳಿದರು.

ಅವಳು ಪಕ್ಕಕ್ಕೆ ಸರಿದಳು.

"ಅಯ್ಯೋ, ಒಂದೇ ಕಣ್ಣು! ಜೀನಲ್ಲೇ ಏನೋ ಐಬಾ?"

"ಜೀನುಗಳೆಲ್ಲ ಸರಿಯಾಗೇ ಇವೆ. ಎರಡು ಕಣ್ಣಾಗಿ ಅಂತ ಅವಕ್ಕೆ ಹೇಳೋ ಪಕ್ಕದ ಚೂರೇ ಇರ್ಲಿಲ್ಲ. ನಾನೇ ತೆಗೆದಿದ್ದು."

ಮುದುಕರು ಮತ್ತೆ ಬಗ್ಗಿದರು. ಬಗ್ಗುವ ಮೊದಲು ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡರು.